ಸಮುದ್ರ ಕಂಡ ಬೋಟು ಕೃಷ್ಣಾ ಹಿನ್ನೀರಿಗೆ: ಮೇಸ್ತ್ರಿಯವರನ್ನು ಕೇಳಿ

ಅಡ್ಮಿನ್, ಬಾಗಲಕೋಟೆ: ಎಲ್ಲರಿಗೂ ನಮಸ್ಕಾರ ರೀ. ಗೋವಾ, ಕಾರವಾರ, ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ಬೋಟು, ಇಂಜಿನ್ ತರುವವರು ನಮ್ಮ ಗ್ರೂಪಿನಲ್ಲಿ ಜಾಸ್ತಿ ಆಗಿದ್ದಾರೆ. ಉಪ್ಪು ತಿಂದ ಸಾಮಾನನ್ನು ಇಲ್ಲಿ ಹೇಗೆ ಕಾಪಾಡಬೇಕು ಅಂತ ದಿನಾ ಯಾರಾದರೂ ಕೇಳುತ್ತಲೇ ಇರುತ್ತಾರೆ. ಅದಕ್ಕೆ ನವನಗರದ ನಮ್ಮ ಇಂಜಿನ್ ಮೇಸ್ತ್ರಿಯವರನ್ನು ಕರೆದಿದ್ದೇವೆ. ಕಾರವಾರದ ಬಂದರಿನಲ್ಲಿ ಬಹಳ ವರ್ಷ ಔಟ್‌ಬೋರ್ಡ್ ಇಂಜಿನ್ (ಬೋಟಿನ ಹಿಂದೆ ಹೊರಗಡೆ ಕಟ್ಟುವ ಇಂಜಿನ್) ಬಿಚ್ಚಿ ಕಟ್ಟಿದವರು. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಮೆಸೇಜು ಬೇಡ.

ಬೀಳಗಿ ಮೀನುಗಾರ: ಮೇಸ್ತ್ರಿಯವರೇ, ಗೋವಾದಿಂದ 15 ಎಚ್‌ಪಿ ಔಟ್‌ಬೋರ್ಡ್ ತಂದಿದ್ದೇನೆ. ನದಿಯಲ್ಲಿ ಓಡಿಸಿದರೆ ಒಳಗಿನ ಉಪ್ಪು ತಾನೇ ತೊಳೆದು ಹೋಗುತ್ತದೆ ಅಲ್ವಾ?

ಮೇಸ್ತ್ರಿ: ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಿಸಿ ಇಂಜಿನ್ನಿನ ಸಂದಿಯಲ್ಲಿ ಆ ನೀರು ಆರಿದರೆ ಗಟ್ಟಿ ಪದರ ಕಟ್ಟುತ್ತದೆ. ಹಳೇ ಇಂಜಿನ್ ತಂದವರು ನದಿಗೆ ಇಳಿಸುವ ಮುಂಚೆಯೇ ಸರಿಯಾಗಿ ತೊಳೆಯಿರಿ. ನೀರು ಎಳೆಯುವ ಕಿಂಡಿಗೆ ಎರಡೂ ಕಡೆಯಿಂದ ರಬ್ಬರ್ ಬಟ್ಟಲು ಕಚ್ಚಿಸಿ ಪೈಪ್ ಜೋಡಿಸುವ ಸಾಮಾನು ಸಿಗುತ್ತದೆ. ಪ್ರೊಪೆಲ್ಲರ್ ಬಿಚ್ಚಿಡಿ. ಮೊದಲು ನೀರು ಬಿಡಿ, ಆಮೇಲೆ ಇಂಜಿನ್ ಚಾಲೂ ಮಾಡಿ. ನ್ಯೂಟ್ರಲ್‌ನಲ್ಲಿ 10ರಿಂದ 15 ನಿಮಿಷ ಓಡಲಿ. ಇಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತೆರೆಯುವ ವಾಲ್ವು, ತೆರೆದ ಮೇಲೇ ನೀರು ಎಲ್ಲಾ ಕಡೆ ಸುತ್ತುವುದು. ಎರಡು ನಿಮಿಷಕ್ಕೆ ಬಂದ್ ಮಾಡಿದರೆ ಒಳಗಿನ ಉಪ್ಪು ಹಾಗೇ ಉಳಿಯುತ್ತದೆ. ನೀರಿಲ್ಲದೆ ಮಾತ್ರ ಒಂದು ಗಳಿಗೆಯೂ ಓಡಿಸಬೇಡಿ. ನೀರೆಳೆಯುವ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತದೆ.

ಇಂಡಿ ರೈತ: ನಮ್ಮ ಬೋರಿನ ನೀರು ಸವಳು. ಅದರಲ್ಲೇ ತೊಳೆದರೆ ನಡೆಯುತ್ತದಾ?

ಮೇಸ್ತ್ರಿ: ಒಳ್ಳೇ ಪ್ರಶ್ನೆ. ಬೋರಿನ ನೀರು ಎಷ್ಟೇ ಸವಳಿದ್ದರೂ ಸಮುದ್ರದಷ್ಟು ಉಪ್ಪಿರುವುದಿಲ್ಲ. ಹೊರಮೈ, ಟ್ರೇಲರ್, ಹಗ್ಗ ಇವನ್ನು ಮೊದಲ ಸಲ ತೊಳೆಯಲು ಬಳಸಿ. ಕೊನೆಗೆ ಎರಡು ಕೊಡ ನದಿ ನೀರು ಅಥವಾ ಮಳೆ ನೀರು ಸುರಿಯಿರಿ. ಇಂಜಿನ್ನಿನ ಒಳಗೆ ಮಾತ್ರ ಸವಳು ನೀರು ಬೇಡ. ಮನೆಯ ಹೀಟರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕೂರುತ್ತದಲ್ಲ, ಹಾಗೇ ಒಳಗಿನ ದಾರಿಯಲ್ಲೂ ಕೂತು ನೀರು ಹೋಗುವ ಜಾಗ ಕಟ್ಟಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ನದಿ ನೀರು ತುಂಬಿ, ಅದರೊಳಗೆ ಇಂಜಿನ್ನಿನ ಕಾಲು ಮುಳುಗಿಸಿ ಓಡಿಸಿ. ನೀರು ಉಪ್ಪಾದಂತೆ ಬದಲಿಸಿ.

ಮುಧೋಳದವರು: ಎಲ್ಲರೂ ಓದಿ, ಹಂಚಿ!! ಬಾತ್‌ರೂಮ್ ತೊಳೆಯುವ ಆಸಿಡ್ ಅರ್ಧ ಲೀಟರ್ ಒಂದು ಬಕೆಟ್ ನೀರಿಗೆ ಹಾಕಿ ಇಂಜಿನ್‌ಗೆ ಬಿಟ್ಟರೆ 5 ನಿಮಿಷದಲ್ಲಿ ಉಪ್ಪು ಮಾಯ. ಮೆಕ್ಯಾನಿಕ್‌ಗಳು ನಿಮಗೆ ಹೇಳದ ಗುಟ್ಟು.

ಮೇಸ್ತ್ರಿ: ಇದನ್ನು ಯಾರೂ ಮಾಡಬೇಡಿ. ಆ ಆಸಿಡ್ ಹೈಡ್ರೋಕ್ಲೋರಿಕ್. ಇಂಜಿನ್ ಬ್ಲಾಕು ಅಲ್ಯೂಮಿನಿಯಂ. ಆಸಿಡ್ ಅದನ್ನೇ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬರುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು ಇರುತ್ತದೆ. ಒಂದು ಕಿಡಿ ಸಾಕು. ಉಪ್ಪು ಕರಗುವುದಕ್ಕೆ ಆಸಿಡ್ ಬೇಕಾಗಿಲ್ಲ, ಬರೀ ನೀರು ಸಾಕು.

ಕೊಲ್ಹಾರ ದೋಣಿ: ಸರ್, ನಮ್ಮ ಭಾವ ಕರಾವಳಿಯಿಂದ ಹಳೇ ಅಲ್ಯೂಮಿನಿಯಂ ಬೋಟು ತಂದಿದ್ದಾರೆ. ಸಂಕ್ರಾಂತಿಗೆ ಹಿನ್ನೀರಿನಲ್ಲಿ ಜನರನ್ನು ಕೂರಿಸಿ ಸುತ್ತಿಸಬೇಕು ಅಂತ ಆಸೆ. ಬೇಸಿಗೆ ಪೂರ್ತಿ ಅಂಗಳದಲ್ಲೇ ಇತ್ತು, ಏನೂ ಆಗಿರಲಿಲ್ಲ. ಮಳೆಗಾಲ ಮುಗಿದ ಮೇಲೆ ನೋಡಿದರೆ ತಳದ ಕೆಂಪು ಬಣ್ಣ ಗುಳ್ಳೆ ಎದ್ದಿದೆ. ಗುಳ್ಳೆ ಒಡೆದರೆ ಬಿಳಿ ಪುಡಿ. ನೀರು ಬಸಿಯುವ ತೂತಿಗೆ ಹಿತ್ತಾಳೆ ಬಿರಡೆ ಇದೆ. ಪುಟ್ಟಿ ಹಚ್ಚಿ ಬಣ್ಣ ಹೊಡೆದರೆ ಸಾಕಾ?

ಮೇಸ್ತ್ರಿ: ಸಾಲದು. ಈ ಬೋಟನ್ನು ಸದ್ಯಕ್ಕೆ ನೀರಿಗೆ ಇಳಿಸಬೇಡಿ ಅಣ್ಣಾ. ಪುಟ್ಟಿ ಹಚ್ಚಲೇಬೇಡಿ, ಹಚ್ಚಿದರೆ ಗಾಯ ಮುಚ್ಚುತ್ತದೆ, ಕೆಳಗೆ ಕೊರೆತ ನಡೆದೇ ಇರುತ್ತದೆ.

ಆ ಬಿಳಿ ಪುಡಿ ಅಲ್ಯೂಮಿನಿಯಂನದೇ ತುಕ್ಕು. ಕಬ್ಬಿಣದ್ದು ಕೆಂಪಗೆ ಕಾಣುತ್ತದೆ, ಜನ ಹೆದರುತ್ತಾರೆ. ಇದನ್ನು ಧೂಳು ಅಂತ ಒರೆಸಿಬಿಡುತ್ತಾರೆ. ಇದು ತಗಡನ್ನು ಸಮನಾಗಿ ತೆಳುವಾಗಿಸುವುದಿಲ್ಲ. ಒಂದೊಂದೇ ಚುಕ್ಕಿಯಲ್ಲಿ ಕೆಳಕ್ಕೆ ಕೊರೆಯುತ್ತದೆ. ಮೇಲೆ ಸಾಸಿವೆ ಕಾಳಿನಷ್ಟು ಗುಳಿ ಕಂಡರೂ ಒಳಗೆ ತಗಡಿನ ಅರ್ಧ ದಪ್ಪ ಹೋಗಿರಬಹುದು.

ಕೆಂಪು ಬಣ್ಣದ ಬಗ್ಗೆ ನನಗೆ ಜಾಸ್ತಿ ಚಿಂತೆ. ಸಮುದ್ರದ ಬೋಟಿನ ತಳಕ್ಕೆ ಪಾಚಿ, ಚಿಪ್ಪು ಹತ್ತಬಾರದು ಅಂತ ತಾಮ್ರದ ಆಕ್ಸೈಡ್ ಇರುವ ಬಣ್ಣ ಹೊಡೆಯುತ್ತಾರೆ. ಫೈಬರ್, ಮರದ ಬೋಟಿಗೆ ಅದು ಸರಿ. ಅಲ್ಯೂಮಿನಿಯಂಗೆ ವಿಷ. ತಾಮ್ರ ಮತ್ತು ಅಲ್ಯೂಮಿನಿಯಂ ತಾಗಿಕೊಂಡು ಉಪ್ಪು ನೀರಿನಲ್ಲಿ ಕೂತರೆ ನಡುವೆ ಕರೆಂಟು ಹುಟ್ಟುತ್ತದೆ. ತಾಮ್ರ ಉಳಿಯುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಹಿತ್ತಾಳೆ ಬಿರಡೆಯದೂ ಅದೇ ಕಥೆ. ಬಿರಡೆಯ ಸುತ್ತ ನಾಲ್ಕು ಬೆರಳು ಜಾಗ ಚೆನ್ನಾಗಿ ನೋಡಿ. ಬಿರಡೆಯನ್ನೂ ಅರದಿಂದ ಸ್ವಲ್ಪ ಉಜ್ಜಿ. ಹಳದಿ ಇದ್ದರೆ ಸರಿ. ಗುಲಾಬಿ ಬಣ್ಣ ಕಂಡರೆ ಹಿತ್ತಾಳೆಯೊಳಗಿನ ಸತು ಕರಗಿ ಹೋಗಿದೆ ಅಂತ ಅರ್ಥ. ಅಂಥದ್ದು ನೀರಿನ ಮಧ್ಯೆ ಪುಡಿಯಾಗುತ್ತದೆ.

ಬೇಸಿಗೆಯಲ್ಲಿ ಏನೂ ಆಗಲಿಲ್ಲ ಅಂದಿರಿ. ನಮ್ಮ ಕಡೆಯ ಒಣ ಹವೆ ಮೋಸ ಮಾಡುವುದೇ ಇಲ್ಲಿ. ಒಣಗಿದ ಉಪ್ಪು ಸುಮ್ನೆ ಕೂತಿರುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಕಡಿಮೆ ತೇವಕ್ಕೇ ಒದ್ದೆಯಾಗುತ್ತದೆ. ಜೂನ್‌ನಲ್ಲಿ ಮಳೆಗಾಳಿ ಬೀಸಿದ ದಿನದಿಂದ ನಿಮ್ಮ ಬೋಟು ಅಂಗಳದಲ್ಲೇ ಸಮುದ್ರದಲ್ಲಿ ನಿಂತಿತ್ತು ಅಂದುಕೊಳ್ಳಿ.

ಈಗ ಮಾಡಬೇಕಾದ್ದು: ನೆಲದ ಹಲಗೆ ಎತ್ತಿ. ಕೆಳಗೆ ಫೋಮ್ ತುಂಬಿರುತ್ತಾರೆ. ಹಿಂಡಿದರೆ ನೀರು ಬಂದರೆ ಎಲ್ಲಾ ಕಿತ್ತು ಹಾಕಿ, ಅದು ಉಪ್ಪು ನೀರನ್ನು ತಗಡಿಗೆ ಒತ್ತಿ ಹಿಡಿದಿರುತ್ತದೆ. ಕೆಳಗೆ ತಾಮ್ರದ ವೈರಿನ ತುಂಡು, ನಾಣ್ಯ, ಸೀಸದ ಗುಂಡು ಬಿದ್ದಿವೆಯಾ ಹುಡುಕಿ. ಅವು ಬಿದ್ದ ಜಾಗದಲ್ಲೇ ತೂತು ಬೀಳುವುದು. ಚೂಪು ಸ್ಕ್ರೂಡ್ರೈವರ್‌ನಿಂದ ಒಂದೊಂದು ಗುಳಿಯನ್ನೂ ಒತ್ತಿ ನೋಡಿ. ರಾತ್ರಿ ಒಳಗೆ ಲೈಟು ಹಾಕಿ ಹೊರಗಿನಿಂದ ನೋಡಿ. ಫೋಟೋ ಕಳಿಸಿ, ನಾನು ಕಾಯುತ್ತೇನೆ.

ಕೊಲ್ಹಾರ ದೋಣಿ: ಆಯಿತು ಸರ್. ಭಾವನಿಗೆ ಹೇಳುತ್ತೇನೆ.

ಬೆಳಗಾವಿ ಗಾಳ: ನನ್ನ ಬೋಟು ತಿಂಗಳಿಗೊಮ್ಮೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ, ಉಳಿದ ದಿನ ಹಿಡಕಲ್ ಡ್ಯಾಮಿನಲ್ಲಿ. ಇಂಜಿನ್ನಿಗೆ ಯಾವ ಜಿಂಕ್ ಹಾಕಲಿ?

ಮೇಸ್ತ್ರಿ: ಜಿಂಕ್ ಬೇಡ. ಇಂಜಿನ್ನಿನ ಬದಲು ತಾನು ಕರಗಲಿ ಅಂತ ಆ ತುಂಡು ಹಾಕುವುದು. ಸಿಹಿ ನೀರಿನಲ್ಲಿ ಜಿಂಕ್ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಬರೀ ಸಿಹಿ ನೀರಿಗೆ ಮೆಗ್ನೀಷಿಯಂ. ಅದನ್ನೇ ಸಮುದ್ರಕ್ಕೆ ಒಯ್ದರೆ ಬೇಗ ಕರಗಿ ಹೋಗುತ್ತದೆ. ಎರಡೂ ಕಡೆ ಓಡುವ ನಿಮ್ಮಂಥವರಿಗೆ ಇದೇ ಕೆಲಸಕ್ಕೆ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹದ ತುಂಡು. ಅರ್ಧ ಸವೆದರೆ ಬದಲಿಸಿ. ಅದರ ಮೇಲೆ ಬಣ್ಣ ಹೊಡೆಯಬೇಡಿ.

ಬಾದಾಮಿಯವರು: ಸರ್, ಇಂಜಿನ್ ಒಳಗಿನ ಉಪ್ಪು ಹೇಗೆ ತೊಳೆಯುವುದು?

ಮೇಸ್ತ್ರಿ: ಮೇಲೆ ಬರೆದಿದ್ದೇನೆ.

ಕೂಡಲಸಂಗಮದವರು: ನಮ್ಮದು ಹರಿಗೋಲು. ಡಾಂಬರು ಸಾಕಾ?

ಮೇಸ್ತ್ರಿ: ಸಾಕು. ಬಿದಿರಿಗೆ ಉಪ್ಪಿನ ಕಾಟ ಇಲ್ಲ.

ವಿಜಯಪುರ ಹಾರ್ಡ್‌ವೇರ್: ಎಲ್ಲರಿಗೂ ಒಂದೇ ಸಲಹೆ. ನಟ್ಟು ಬೋಲ್ಟು ಎಲ್ಲಾ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಜಂಗು ಮಾತೇ ಇಲ್ಲ. ನಮ್ಮಲ್ಲಿ 304 ಗ್ರೇಡಿನ ಸ್ಟೀಲ್ ಸ್ಟಾಕ್ ಇದೆ.

ಬೆಳಗಾವಿ ಗಾಳ: ಮಾತೇ ಇಲ್ಲ ಅಂದರೆ ಹೇಗೆ? ನನ್ನ ಟ್ರೇಲರಿನ ಬೋಲ್ಟು ಒಂದೇ ಮಳೆಗಾಲಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಸಮುದ್ರಕ್ಕೆ 316 ಗ್ರೇಡ್ ಬೇಕು.

ವಿಜಯಪುರ ಹಾರ್ಡ್‌ವೇರ್: ನಿಮಗೆ ಯಾರೋ ಡುಪ್ಲಿಕೇಟ್ ಕೊಟ್ಟಿದ್ದಾರೆ. ಮ್ಯಾಗ್ನೆಟ್ ಹಿಡಿದು ನೋಡಬೇಕಿತ್ತು.

ಕೆಮಿಸ್ಟ್ರಿ ಮೇಡಂ, ಜಮಖಂಡಿ: ಮ್ಯಾಗ್ನೆಟ್‌ನಿಂದ 304 ಯಾವುದು, 316 ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಹೆಚ್ಚು ಕಡಿಮೆ ಅಂಟುವುದಿಲ್ಲ. 316ರಲ್ಲಿ ಶೇ 2ರಿಂದ 3 ಮಾಲಿಬ್ಡಿನಂ ಇರುತ್ತದೆ, ಅದಕ್ಕೇ ಕ್ಲೋರೈಡ್‌ಗೆ ಹೆಚ್ಚು ತಡೆಯುತ್ತದೆ.

ವಿಜಯಪುರ ಹಾರ್ಡ್‌ವೇರ್: ಮೇಡಂ, ಪುಸ್ತಕ ಬೇರೆ, ಅಂಗಡಿ ಬೇರೆ. ಹೊಳೆದಂಡೆಯ ಬೋಟಿಗೆ ಅಷ್ಟು ದುಡ್ಡಿನ ಮಾಲು ಯಾಕೆ?

ಬೆಳಗಾವಿ ಗಾಳ: ಅಂಗಡಿಯಲ್ಲಿ ಉಳಿದ ಮಾಲು ಖಾಲಿ ಮಾಡಲು ಗ್ರೂಪ್ ಬಳಸಬೇಡಿ.

ವಿಜಯಪುರ ಹಾರ್ಡ್‌ವೇರ್: ಬಾಯಿ ಹಿಡಿತದಲ್ಲಿರಲಿ. ತಿಂಗಳಿಗೊಮ್ಮೆ ಗೋವಾಕ್ಕೆ ಹೋಗುವವರು ನಮಗೆ ವ್ಯಾಪಾರ ಕಲಿಸಬೇಕಾಗಿಲ್ಲ.

ಅಡ್ಮಿನ್, ಬಾಗಲಕೋಟೆ: ಇಬ್ಬರೂ ದಯವಿಟ್ಟು ಸಾಕು ಮಾಡಿ.

ಮೇಸ್ತ್ರಿ: ಮೇಡಂ ಹೇಳಿದ್ದು ಸರಿ. ನದಿಯಲ್ಲೇ ಇರುವ ಬೋಟಿಗೆ 304 ನಡೆಯುತ್ತದೆ, ಅದೂ ಸರಿ. ಸಮುದ್ರಕ್ಕೆ 316. ಆದರೆ 316ಕ್ಕೂ ಗಾಳಿ ಬೇಕು. ವಾಷರಿನ ಅಡಿ, ಒದ್ದೆ ಮರದ ಒಳಗೆ ಗಾಳಿ ಸಿಗದ ಕಡೆ ಅದೂ ಕೊರೆಯುತ್ತದೆ. ತಲೆ ಹೊಳೆಯುತ್ತದೆ, ನಡು ಸವೆದಿರುತ್ತದೆ. ಇಂಜಿನ್ ಹಿಡಿದಿರುವ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ಪಾನಾ ಹಾಕಿ ಹೊರಗೆ ತೆಗೆದು ನೋಡಿ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟು ಹಾಕುವಾಗ ನಡುವೆ ನೈಲಾನ್ ವಾಷರ್ ಇರಲಿ. ಕಬ್ಬಿಣದ ನಾರಿನಿಂದ ಸ್ಟೀಲ್ ಉಜ್ಜಬೇಡಿ. ಅದರ ಚೂರು ಅಂಟಿ ಅದೇ ಜಂಗು ಹಿಡಿಯುತ್ತದೆ.

ಆಲಮಟ್ಟಿಯವರು: ಉಪ್ಪಿಗೆ ಸುಟ್ಟ ಇಂಜಿನ್ ಆಯಿಲ್ ಬಳಿದರೆ ತುಕ್ಕು ಬರುವುದಿಲ್ಲ. ನಮ್ಮಪ್ಪನ ಕಾಲದಿಂದ ಮಾಡುತ್ತಿದ್ದೇವೆ.

ಬೀಳಗಿ ಮೀನುಗಾರ: ಅದೇ ಎಣ್ಣೆ ನೀರಿಗೆ ಇಳಿದು ನಮ್ಮ ಬಲೆಗೆ ಹತ್ತುತ್ತದೆ. ಮೀನು ವಾಸನೆ ಹೊಡೆದರೆ ಸಂತೆಯಲ್ಲಿ ಯಾರು ಕೊಳ್ಳುತ್ತಾರೆ?

ಆಲಮಟ್ಟಿಯವರು: ಇಷ್ಟು ದೊಡ್ಡ ಹಿನ್ನೀರಿಗೆ ಒಂದು ಡಬ್ಬಿ ಎಣ್ಣೆ ಏನು ಮಾಡೀತು?

ಬೀಳಗಿ ಮೀನುಗಾರ: ಎಲ್ಲರೂ ಹಾಗೇ ಅಂದರೆ? ಕುಡಿಯುವ ನೀರೂ ಅದೇ ಹೊಳೆಯದು. ನಿಮ್ಮ ಮನೆ ಹೌದಿಗೆ ಸುರಿಯಿರಿ ನೋಡೋಣ.

ಮೇಸ್ತ್ರಿ: ಸುಟ್ಟ ಆಯಿಲ್ ಬೇಡ. ನದಿ ಹಾಳು, ರಬ್ಬರೂ ಹಾಳು. ತೊಳೆಯದೆ ಬಳಿದರೆ ಉಪ್ಪು ಎಣ್ಣೆಯ ಕೆಳಗೇ ಉಳಿದು ಕೆಲಸ ಮಾಡುತ್ತದೆ. ತೊಳೆಯಿರಿ, ಪೂರ್ತಿ ಒಣಗಿಸಿ, ಆಮೇಲೆ ಮೆರೈನ್ ಗ್ರೀಸ್ ಸವರಿ. ಈ ಕ್ರಮ ತಪ್ಪಿದರೆ ಯಾವ ಎಣ್ಣೆಯೂ ಉಪಯೋಗವಿಲ್ಲ.

ರಬಕವಿಯವರು: ಗಾಳದ ರೀಲು, ಹಗ್ಗ, ಲೈಫ್ ಜಾಕೆಟ್‌ಗೂ ತೊಂದರೆ ಇದೆಯಾ?

ಮೇಸ್ತ್ರಿ: ಇದೆ. ಹಗ್ಗ, ಜಾಕೆಟ್ ಸಿಹಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಉಪ್ಪಿನ ಹರಳು ಹಗ್ಗದ ಎಳೆ ಕೊಯ್ಯುತ್ತದೆ. ತಾನೇ ಉಬ್ಬುವ ಜಾಕೆಟ್ ಆದರೆ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗಿನ ಸಿಲಿಂಡರ್ ಬಿಚ್ಚಿ ನೋಡಿ, ಅದು ತುಕ್ಕು ಹಿಡಿದರೆ ಬದಲಿಸಿ. ರೀಲಿಗೆ ಜೋರು ಪೈಪು ಬಿಡಬೇಡಿ, ಉಪ್ಪು ಒಳಗೆ ಹೋಗುತ್ತದೆ. ಡ್ರ್ಯಾಗ್ (ದಾರ ಬಿಚ್ಚುವುದನ್ನು ತಡೆಯುವ ಬ್ರೇಕು) ಬಿಗಿ ಮಾಡಿ ಮೆಲ್ಲಗೆ ನೀರು ಚಿಮುಕಿಸಿ.

ನಿಡಗುಂದಿಯವರು: 40 ಎಚ್‌ಪಿ ಹಳೇ ಇಂಜಿನ್ ಎಷ್ಟಕ್ಕೆ ಬರಬಹುದು ಸರ್?

ಇಳಕಲ್ಲಿನವರು: ಬೋಟಿನ ವೈರ್ ತುದಿ ಕಪ್ಪಾಗಿದೆ, ಲೈಟು ಮಿಣುಕುತ್ತದೆ.

ಮೇಸ್ತ್ರಿ: ತವರ ಲೇಪದ ತಾಮ್ರದ ವೈರ್ ಹಾಕಿ. ಕಪ್ಪು ಒಳಗೆ ತುಂಬಾ ದೂರ ಹೋಗಿರುತ್ತದೆ, ತುದಿ ಕತ್ತರಿಸಿದರೆ ಸಾಲದು.

ಮುಧೋಳದವರು: ನಿಂಬೆಹಣ್ಣು, ವಿನೆಗರ್, ಸೋಡಾ ಪುಡಿ ಮೂರೂ ಕಲಸಿ ರಾತ್ರಿಯಿಡೀ ಇಂಜಿನ್ನಿನಲ್ಲಿ ಬಿಟ್ಟರೆ...

ಮೇಸ್ತ್ರಿ: ಮತ್ತೆ ಶುರುವಾಯಿತು. ಸೋಡಾ ಹಾಕಿದರೆ ಹುಳಿ ಸತ್ತು ಹೋಗುತ್ತದೆ, ಮೂರೂ ದಂಡ. ಬರೀ ವಿನೆಗರ್ ಸುಣ್ಣದ ಪದರಕ್ಕೆ ಸ್ವಲ್ಪ ಹೊತ್ತು ಆಗಬಹುದು. ರಾತ್ರಿಯಿಡೀ ಬಿಟ್ಟರೆ ಅಲ್ಯೂಮಿನಿಯಂಗೇ ಹತ್ತುತ್ತದೆ. ಕೇಳದೆ ಇಂಥದ್ದು ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು?

ಮುಧೋಳದವರು: ಒಳ್ಳೇದು ಹಂಚಿದರೂ ತಪ್ಪಾ? ನಿಮ್ಮ ಧಂಧೆಗೆ ಹೊಡೆತ ಅಂತ ಸಿಟ್ಟು.

ಬೀಳಗಿ ಮೀನುಗಾರ: ಅವರು ದುಡ್ಡು ತಗೊಳ್ಳದೆ ಮಧ್ಯಾಹ್ನದಿಂದ ಬರೆಯುತ್ತಿದ್ದಾರೆ. ಮಾತು ನೋಡಿ ಆಡಿ.

ಕೊಲ್ಹಾರ ದೋಣಿ: ಮೇಸ್ತ್ರಿಯವರೇ, ಹಲಗೆ ಎತ್ತಿದೆವು. ಫೋಮ್ ಹಿಂಡಿದರೆ ನೀರು ಸುರಿಯಿತು. ಬಿರಡೆ ಉಜ್ಜಿದರೆ ಗುಲಾಬಿ ಬಣ್ಣ. ಅದರ ಹತ್ತಿರ ತಾಮ್ರದ ವೈರಿನ ತುಂಡು ಅಂಟಿಕೊಂಡಿತ್ತು, ಕಿತ್ತರೆ ಕೆಳಗೆ ಬಿಳಿ ಕೆಸರು. ಸ್ಕ್ರೂಡ್ರೈವರ್ ಒತ್ತಿದ ಕೂಡಲೇ ಆಚೆ ಬಂತು. ಭಾವ ಮಾತ್ರ ಒಂದೇ ತೂತಲ್ವಾ, ಎಂ-ಸೀಲ್ ಹಾಕೋಣ, ಬುಕಿಂಗ್ ತಗೊಂಡಾಗಿದೆ ಅನ್ನುತ್ತಾರೆ.

ಮೇಸ್ತ್ರಿ: ಎಂ-ಸೀಲ್ ಬೇಡ. ಒಂದು ತೂತು ಕಂಡಿದೆ ಅಂದರೆ ಕಾಣದ್ದು ಇನ್ನೂ ಇವೆ. ಜನ ಒಂದೇ ಕಡೆ ವಾಲಿ ಕೂತು ಫೋಟೋ ತೆಗೆಯುವಾಗ ತಗಡು ಬಿಟ್ಟರೆ ಹಿನ್ನೀರಿನ ಮಧ್ಯೆ ಯಾರು ಬರುತ್ತಾರೆ? ಬಣ್ಣ ಪೂರ್ತಿ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ತೆಗೆಸಿ. ಬೆಂಕಿ ಹಿಡಿಯಬೇಡಿ. ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರ್ ಇಟ್ಟು ಅಳೆಸಿ. ತೆಳುವಾದ ಭಾಗ ಕತ್ತರಿಸಿ ಹೊಸ ತಗಡು ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ವೆಲ್ಡಿಂಗ್) ಆಗಬೇಕು, ಅದೂ ಬೋಟಿನ ಅಲ್ಯೂಮಿನಿಯಂ ಗೊತ್ತಿರುವವರ ಕೈಯಲ್ಲಿ. ಪೆಟ್ರೋಲ್ ಟ್ಯಾಂಕು ಮೊದಲೇ ಇಳಿಸಿ. ಬಿರಡೆ ನೈಲಾನ್‌ದು ಹಾಕಿ. ಇನ್ನೊಂದು ವಿಷಯ. 2021ರ ಇನ್‌ಲ್ಯಾಂಡ್ ವೆಸಲ್ಸ್ ಕಾಯ್ದೆ ಪ್ರಕಾರ ಇಂಜಿನ್ ಬೋಟಿಗೆ ತಪಾಸಣೆ ಪತ್ರ, ನೋಂದಣಿ ಎರಡೂ ಬೇಕು. ಬುಕಿಂಗ್ ದುಡ್ಡು ವಾಪಸ್ ಕೊಡಿ. ಭಾವನವರ ನಂಬರು ನನಗೆ ಖಾಸಗಿಯಾಗಿ ಕಳಿಸಿ, ಈಗಲೇ ಮಾತಾಡುತ್ತೇನೆ.

ಕೊಲ್ಹಾರ ದೋಣಿ: ಕಳಿಸಿದೆ ಸರ್. ಪಕ್ಕದಲ್ಲೇ ಕೂತಿದ್ದಾರೆ.

ಬಾದಾಮಿಯವರು: ಮೇಲೆ ಅಂದರೆ ಎಲ್ಲಿ ಸರ್? ನನಗೆ ಕಾಣಿಸುತ್ತಿಲ್ಲ.

ಅಡ್ಮಿನ್, ಬಾಗಲಕೋಟೆ: ಮೇಸ್ತ್ರಿಯವರು ಕೊಲ್ಹಾರದವರ ಜೊತೆ ಫೋನಿನಲ್ಲಿದ್ದಾರೆ. ಇವತ್ತಿಗೆ ಪ್ರಶ್ನೆ ಸಾಕು. ಬಾದಾಮಿಯವರು ಬೀಳಗಿ ಮೀನುಗಾರರ ಮೊದಲ ಪ್ರಶ್ನೆಯ ಕೆಳಗೆ ನೋಡಿ. ಆಸಿಡ್ ಮೆಸೇಜು ಅಳಿಸಿದ್ದೇನೆ.

ನಿಡಗುಂದಿಯವರು: ಹಳೇ ಇಂಜಿನ್ ರೇಟು ಯಾರಾದರೂ ಹೇಳಿ ರೀ.