ಬೆಳಿಗ್ಗೆ ಕಾಲೂರಿದರೆ ಹಿಮ್ಮಡಿ ನೋವು, ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಅಂದರು. ತೆಗೆಸಲೇಬೇಕಾ?

ಕಾವಲಿಭಟ್ಟ:
ನಾನು ಕುಂದಾಪುರದ ಕಡೆಯವ, ಬೆಂಗಳೂರಿನ ಒಂದು ದರ್ಶಿನಿಯಲ್ಲಿ ದೋಸೆ ಹಾಕ್ತೇನೆ. ವಯಸ್ಸು 43. ಬೆಳಿಗ್ಗೆ ಐದೂವರೆಯಿಂದ ಹನ್ನೊಂದು, ಮತ್ತೆ ಸಂಜೆ ನಾಲ್ಕರಿಂದ ಒಂಬತ್ತೂವರೆ, ಕಾವಲಿ ಮುಂದೆ ನಿಂತೇ ಕೆಲಸ. ನೆಲ ಗ್ರಾನೈಟು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ.

ಮೂರು ತಿಂಗಳಿಂದ ಬಲ ಹಿಮ್ಮಡಿ ಹಿಡಿದುಕೊಂಡಿದೆ. ಚಾಪೆಯಿಂದ ಎದ್ದು ಕಾಲೂರಿದರೆ ಜೀವ ಹೋದ ಹಾಗೆ. ಗೋಡೆ ಹಿಡಿದು, ತುದಿಗಾಲಲ್ಲಿ ಬಚ್ಚಲಿಗೆ ಹೋಗ್ತೇನೆ. ಹತ್ತಿಪ್ಪತ್ತು ಹೆಜ್ಜೆ ಆದ ಮೇಲೆ ಕಮ್ಮಿ. ಮಧ್ಯಾಹ್ನ ಉಂಡು ಎದ್ದರೆ ಮತ್ತೆ ಅದೇ. ಎಕ್ಸ್‌ರೇ ನೋಡಿ ‘ಮುಳ್ಳಿನ ಹಾಗೆ ಮೂಳೆ ಬೆಳೆದಿದೆ, ಇಂಜೆಕ್ಷನ್ ಹಾಕಿಸಿಕೊ’ ಅಂದರು. ಚಟ್ನಿ ರುಬ್ಬುವವ ‘ಯೂರಿಕ್ ಆಸಿಡ್, ಬೇಳೆ ಬಿಡು’ ಅಂತಾನೆ. ಸಾಂಬಾರಿನ ಹಂಡೆ ಪಕ್ಕ ನಿಂತು ಬೇಳೆ ಬಿಡೋದು ಹೇಗೆ ಮಾರಾಯ್ರೆ?

ಫಿಸಿಯೋ_ಹಾಸನ:
ಭಟ್ಟರೇ, ಕೂತುಕೊಂಡು ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿಯಿರಿ. ಹಿಮ್ಮಡಿಯ ಅಡಿ, ಒಳಮಗ್ಗುಲಲ್ಲಿ ಒತ್ತಿ. ‘ಅಯ್ಯೋ’ ಅನಿಸಿದರೆ ಬಹುಮಟ್ಟಿಗೆ ಪ್ಲಾಂಟರ್ ಫೇಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳ ಬುಡದ ತನಕ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ದಿನವಿಡೀ ನಿಂತು ಅದು ಮೂಳೆಗೆ ಅಂಟಿದ ಜಾಗದಲ್ಲಿ ಹಾಳಾಗುತ್ತೆ. ರಾತ್ರಿ ಮುದುಡಿ ಮಲಗಿದ್ದು ಮೊದಲ ಹೆಜ್ಜೆಗೆ ಒಮ್ಮೆಲೇ ಜಗ್ಗುತ್ತೆ.

ಆ ಮುಳ್ಳು ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಕಾಣುತ್ತೆ. ಅದು ಇದ್ದ ಹಾಗೇ ಇದ್ದು ನೋವು ಹೋಗುತ್ತೆ, ತೆಗೆಸುವ ಮಾತು ಬಿಡಿ. ಯೂರಿಕ್ ಆಸಿಡ್‌ನಿಂದ ನೋವು ಬಂದರೆ ಸಾಮಾನ್ಯವಾಗಿ ಹೆಬ್ಬೆರಳ ಗಂಟು ಕೆಂಪಗೆ ಊದಿಕೊಳ್ಳುತ್ತೆ, ನಿಮ್ಮ ಕತೆ ಹಾಗಿಲ್ಲ. ಬೇಳೆ ತಿನ್ನಿ.

ಏಳುವ ಮೊದಲು, ಚಾಪೆ ಮೇಲೇ, ಕಾಲ ಮೇಲೆ ಕಾಲು ಹಾಕಿ ಬೆರಳುಗಳನ್ನು ಮೊಣಕಾಲ ಕಡೆಗೆ ಎಳೆದು 10 ಎಣಿಸಿ, ಹತ್ತು ಸಲ. ಗೋಡೆಗೆ ಕೈಕೊಟ್ಟು ಮೀನಖಂಡವನ್ನೂ ಎಳೆಯಿರಿ. ಸ್ವಲ್ಪ ತಡೆಯುವ ಹಾಗಾದ ಮೇಲೆ ಮೆಟ್ಟಿಲ ಅಂಚಲ್ಲಿ ನಿಂತು, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿ ಏರಿಸಿ: ಏರಲು 3 ಸೆಕೆಂಡ್, ಮೇಲೆ 2, ಇಳಿಯಲು 3. ದಿನ ಬಿಟ್ಟು ದಿನ ಸಾಕು.

ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತೆ. ಪದೇ ಪದೇ ಹಾಕಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳ್ಳಗಾಗುವ ಅಪಾಯ ಇದೆ. ನಾನಾಗಿದ್ದರೆ ಕೊನೆಗೆ ಇಡ್ತಿದ್ದೆ. ಹಿಮ್ಮಡಿಯ ಹಿಂಭಾಗ ನೋವಾದರೆ ಅದು ಬೇರೆ ಕಾಯಿಲೆ. ಜೋಮು, ರಾತ್ರಿ ಮಲಗಿದಾಗಲೂ ನೋವು, ಊತ, ಎರಡೂ ಬದಿಯಿಂದ ಹಿಸುಕಿದರೆ ನೋವು, ಸಕ್ಕರೆ ಕಾಯಿಲೆ, ಇವುಗಳಲ್ಲಿ ಒಂದಿದ್ದರೂ ಡಾಕ್ಟರನ್ನು ಮತ್ತೆ ನೋಡಿ.

ಶಿವಮೊಗ್ಗ_ಟೀಚರ್:
ನನಗೆ ಪೂರ್ತಿ ವಾಸಿಯಾಗಲು ಎಂಟು ತಿಂಗಳು ಹಿಡೀತು ಅಣ್ಣ, ಬೇಜಾರಾಗಬೇಡಿ. ಎಂಸಿಆರ್ ಚಪ್ಪಲಿ (ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನದು) ತಗೊಂಡೆ. ಅಡುಗೆಮನೇಲಿ ಚಪ್ಪಲಿ ಹಾಕೋದಕ್ಕೆ ಅತ್ತೆಯ ಆಕ್ಷೇಪ, ಹಾಗಾಗಿ ಒಳಗಿಗೇ ಬೇರೆ ಜೋಡಿ ಇಟ್ಟೆ, ವಾರಕ್ಕೊಮ್ಮೆ ಅವರ ಎದುರೇ ತೊಳೆಯುತ್ತಿದ್ದೆ. ರಾತ್ರಿ ಟಿವಿ ಮುಂದೆ ಫ್ರೀಜರಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಡಿ ಉರುಳಿಸೋದು. ಅಷ್ಟೇ.

ಕಾವಲಿಭಟ್ಟ:
ಒತ್ತಿ ನೋಡಿದೆ, ಸರಿಯಾಗಿ ಅದೇ ಜಾಗ. ಸಕ್ಕರೆ ಇಲ್ಲ, ಜೋಮೂ ಇಲ್ಲ. ಇವತ್ತು ಬೆರಳು ಎಳೆದುಕೊಂಡೇ ಎದ್ದೆ, ಗೋಡೆಯಂತೂ ಹಿಡಿಯಬೇಕಾಯ್ತು. ಹವಾಯಿ ಬಿಸಾಡಿದ್ದೇನೆ. ಕಾವಲಿ ಮುಂದೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿದ್ದೆ, ಹಿಟ್ಟು, ಎಣ್ಣೆ ಬಿದ್ದು ಜಾರ್ತದೆ. ರಬ್ಬರ್ ಮ್ಯಾಟ್ ಹಾಕಿಸಿ ಅಂತ ಓನರ್ ಹತ್ತಿರ ಕೇಳಬೇಕು. ದಪ್ಪ ಎಷ್ಟಿರಬೇಕು, ಟೀಚರ್ ಅಥವಾ ಹಾಸನದವರು ಹೇಳಿ.