ಸೀನನ ಟ್ಯಾಬು, ಬಸೂನ ಹಾಳೆ

ಭಾನುವಾರ ಬೆಳಿಗ್ಗೆ, ವಿಜಯನಗರದ ಒಂದು ದರ್ಶಿನಿ. ಎತ್ತರದ ಸ್ಟೀಲ್ ಮೇಜಿನ ಸುತ್ತ ಮೂವರು ನಿಂತಿದ್ದಾರೆ: ಟ್ಯಾಬ್ ಕೊಳ್ಳುವ ಹಟ ಹಿಡಿದ ಸೀನ, ತೆರಿಗೆ ಸಲಹೆಗಾರರ ಆಫೀಸಿನ ಪದ್ಮಕ್ಕ, ಡಿಟಿಪಿ ಅಂಗಡಿಯ ಧಾರವಾಡದ ಬಸು. ಎರಡು ಕಾಫಿ, ಮೂರು ಲೋಟ.

ಸೀನ: ತೀರ್ಮಾನ ಆಯ್ತು. ಲ್ಯಾಪ್‌ಟಾಪ್ ಬೇಡ, ಐಪ್ಯಾಡ್ ತಗೋತೀನಿ. ಮೂವತ್ತೈದು ಸಾವಿರದೊಳಗೆ ಕೆಲಸ ಮುಗೀತು.

ಪದ್ಮಕ್ಕ: ಮುಗಿಯೋದಲ್ಲಪ್ಪ, ಶುರುವಾಗೋದು. 2025ರಲ್ಲಿ ಎ16 ಚಿಪ್ಪಿನ ಐಪ್ಯಾಡ್ ಬಂದಾಗ 128 ಜಿಬಿಗೆ 34,900 ರೂಪಾಯಿ. ಟೈಪ್ ಮಾಡ್ಬೇಕು ಅಂದ್ರೆ ಅವರದೇ ಕೀಬೋರ್ಡ್ ಫೋಲಿಯೋಗೆ ಆಗ 24,900. ಕೈಲಿ ಬರೀಬೇಕು ಅಂದ್ರೆ ಯುಎಸ್‌ಬಿ-ಸಿ ಪೆನ್ಸಿಲ್ಲಿಗೆ ಆಗ 7,900. ಕೂಡು ನೋಡೋಣ.

ಸೀನ: ಅರವತ್ತೇಳು ಸಾವಿರದ ಏಳ್ನೂರು... ಅಯ್ಯೋ.

ಬಸು: ಹೆಣ್ಣಿಗಿಂತ ಒಡವಿ ಭಾರ ಆತಲ್ಲೋ! ಅಷ್ಟು ರೊಕ್ಕ ಕೊಟ್ರೂ ಆ ಕೀಬೋರ್ಡಿನ್ಯಾಗ ದೀಪ ಇಲ್ಲ. ಕರೆಂಟ್ ಹೋತಂದ್ರ ಕತ್ತಲ್ಯಾಗ ಅಕ್ಷರ ತಡಕಾಡಬೇಕು.

ಸೀನ: ಎರಡು ಸಾವಿರದ ಬ್ಲೂಟೂತ್ ಕೀಬೋರ್ಡ್ ಸಾಕು ಬಿಡೋ.

ಪದ್ಮಕ್ಕ: ಮೇಜಿನ ಮೇಲೆ ಸಾಕು. ಬಸ್ಸಲ್ಲಿ ತೊಡೆ ಮೇಲಿಟ್ಟು ಟೈಪ್ ಮಾಡಿ ನೋಡು, ಹಿಂದಕ್ಕೆ ಮಗುಚ್ಕೊಳುತ್ತೆ. ಟ್ಯಾಬಲ್ಲಿ ಬ್ಯಾಟರಿ, ಬೋರ್ಡು ಎಲ್ಲಾ ಪರದೆ ಹಿಂದೆ. ಲ್ಯಾಪ್‌ಟಾಪಲ್ಲಿ ಅದೆಲ್ಲ ಕೀಬೋರ್ಡಿನ ಕೆಳಗೆ, ಅದಕ್ಕೇ ಕೂತ ಕಡೆ ಕೂತಿರುತ್ತೆ.

ಸೀನ: ಸರಿ, ಪೆನ್ಸಿಲ್ಲಿಗೆ ಎಂಟು ಸಾವಿರ ಯಾಕೆ? ನೂರು ರೂಪಾಯಿಗೆ ರಬ್ಬರ್ ತುದಿಯ ಕಡ್ಡಿ ಸಿಗುತ್ತಲ್ಲ?

ಬಸು: ಅದು ಬೆರಳಿನ ತಮ್ಮ. ಕಡ್ಡಿ ಯಾವುದು, ಅಂಗೈ ಯಾವುದು ಅಂತ ಪರದೆಗೆ ತಿಳಿಯಂಗಿಲ್ಲ. ನೀ ಕೈ ಊರಿ ಒಂದು ಸಾಲು ಬರದ್ರ ನಿನ್ನ ಅಂಗೈ ಕೆಳಗ ಇನ್ನೊಂದು ಸಾಲು ಬರೀತದ. ಪೆನ್ನು ಬೇಕಾದ್ರ ಸ್ಯಾಮ್‌ಸಂಗಿನ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ ಥರದ್ದು ನೋಡು, ಡಬ್ಬಿಯೊಳಗೇ ಪೆನ್ನು ಬರತದ, ಬರಿಯಾಕ ಅದಕ್ಕ ಚಾರ್ಜೂ ಬ್ಯಾಡ. ಅದೇ ಕಂಪನಿಯ ಎ9 ಪ್ಲಸ್ಸೂ 11 ಇಂಚೇ, ಅಗ್ಗನೂ ಐತಿ, ಖರೆ ಆ ಪೆನ್ನು ಅದರ ಮ್ಯಾಲೆ ಓಡಂಗಿಲ್ಲ. ಪರದೆಯೊಳಗ ಪೆನ್ನು ಹಿಡಿಯೋ ಪದರ ಇಲ್ಲಂದ್ರ ಆಮ್ಯಾಲೆ ಹಾಕ್ಸಾಕ ಬರಂಗಿಲ್ಲ.

ಸೀನ: ನನಗೆ ಬರೆಯೋದಕ್ಕಿಂತ ಓದೋದೇ ಜಾಸ್ತಿ. ಸ್ಕ್ಯಾನ್ ಮಾಡಿದ ಹಳೇ ಕನ್ನಡ ಪುಸ್ತಕ ಇನ್ನೂರು ಇವೆ. 8.7 ಇಂಚಿನದ್ದೂ ನಡೆಯುತ್ತೆ.

(ಬಸು ಚೀಲದಿಂದ ಒಂದು ಎ4 ಹಾಳೆ ತೆಗೆದು ಸರಿಯಾಗಿ ಅರ್ಧಕ್ಕೆ ಮಡಿಚಿ, ಸಾಂಬಾರ್ ಬೀಳದ ಜಾಗ ಹುಡುಕಿ ಇಡುತ್ತಾನೆ.)

ಬಸು: ನೋಡು. ಈ ಅರ್ಧ ಹಾಳಿ 14.8 ಸೆಂ.ಮೀ. ಅಗಲ. 11 ಇಂಚಿನ ಉದ್ದನೆ ಆಂಡ್ರಾಯ್ಡ್ ಟ್ಯಾಬ್ ನೆಟ್ಟಗ ಹಿಡದ್ರ ಅದರ ಅಗಲನೂ ಅಷ್ಟೇ. ನಮ್ಮ ಕಾದಂಬರಿ ಅಚ್ಚಾಗೋದು ಡೆಮಿ 1/8 ಅಳತಿಯಾಗ, ಅಂದ್ರ ಸುಮಾರು 14ಕ್ಕ 21 ಸೆಂ.ಮೀ. ಅಂಚು ಕತ್ತರಿಸೋದೇ ಬ್ಯಾಡ, ನಿಜಗಾತ್ರದಾಗ ಕುಂದರತದ.

ಪದ್ಮಕ್ಕ: ನಮ್ಮ ಸರ್ಕಾರಿ ಸುತ್ತೋಲೆ?

ಬಸು: ಅದು ಎ4 ರೀ. 21 ಸೆಂ.ಮೀ. ಅಗಲದ್ದು 14.8ಕ್ಕ ಇಳೀತದ, 12 ಪಾಯಿಂಟ್ ಅಕ್ಷರ ಎಂಟೂವರೆ ಆಕ್ಕದ. ಓದಬಹುದು, ಕಣ್ಣು ಕಿರಿದು ಮಾಡಿ. ಐಪ್ಯಾಡಿನ ಪರದೆ ಸ್ವಲ್ಪ ಅಗಲ, ಎ4 ಆಕಾರಕ್ಕ ಹತ್ರ, ಅದರಾಗ ಒಂಬತ್ತು. ಇನ್ನ ನಿನ್ನ 8.7 ಇಂಚಿನ್ಯಾಗ ಆರೂವರೆ. ಇಂಗ್ಲಿಷಾದ್ರ ಹೆಂಗೋ ಓದ್ತಿ. ಕನ್ನಡಕ್ಕ ಕೆಳಗ ಒತ್ತು ಅವ ನೋಡು, 'ಸ್ತ್ರೀ' ಅಂತ ಬಂದ್ರ ತ-ಒತ್ತು ಯಾವುದು ರ-ಒತ್ತು ಯಾವುದು ಅಂತ ಜ್ಯೋತಿಷಿ ಕೇಳಬೇಕಾಕ್ಕದ.

ಸೀನ: ಹಾಗಾದ್ರೆ 11 ಇಂಚು. ಆಂಡ್ರಾಯ್ಡು, 4 ಜಿಬಿ ರ‍್ಯಾಮ್, 64 ಜಿಬಿ. ಸಿನಿಮಾನೂ ನೋಡ್ಬಹುದು.

ಪದ್ಮಕ್ಕ: 64ರಲ್ಲಿ ಸಿಸ್ಟಮ್ಮೇ ದೊಡ್ಡ ಪಾಲು ತಿಂದುಬಿಡುತ್ತೆ, ಮೆಮೊರಿ ಕಾರ್ಡ್ ಹಾಕೋ ಜಾಗ ಇದೆಯಾ ನೋಡ್ಕೋ. 4 ಜಿಬಿ ರ‍್ಯಾಮಿನ ತೊಂದರೆ ಏನಂದ್ರೆ, 300 ಎಂಬಿಯ ಸ್ಕ್ಯಾನ್ ಪುಸ್ತಕ ತೆರೆದಿಟ್ಟು ವಾಟ್ಸಾಪಿಗೆ ಹೋಗಿ ಬರೋಷ್ಟರಲ್ಲಿ ಪುಸ್ತಕ ಮುಚ್ಚಿಹೋಗಿರಬಹುದು, ಮತ್ತೆ ತೆರೀಬೇಕು. 8 ಜಿಬಿ ತಗೋ. ಸಿನಿಮಾಗೆ ವೈಡ್‌ವೈನ್ ಅನ್ನೋ ನಕಲು ತಡೆಯೋ ಬೀಗ ಇರುತ್ತೆ, ಅದು ಎಲ್1 ದರ್ಜೆಯದಾ ಕೇಳು. ಎಲ್3 ಆದ್ರೆ ಪರದೆ ಎಷ್ಟೇ ಚೆನ್ನಾಗಿದ್ರೂ ನೆಟ್‌ಫ್ಲಿಕ್ಸು 480 ಗೆರೆಯ ಮಬ್ಬು ಚಿತ್ರವನ್ನೇ ಕೊಡುತ್ತೆ. ಆ್ಯಪಿನ ಸೆಟ್ಟಿಂಗ್ಸಲ್ಲಿ 'ಪ್ಲೇಬ್ಯಾಕ್ ಸ್ಪೆಸಿಫಿಕೇಶನ್' ಅಂತಿದೆ, ಅಲ್ಲೇ ಬರೆದಿರುತ್ತೆ.

ಸೀನ: ನನ್ನ ಇನ್‌ಕಮ್ ಟ್ಯಾಕ್ಸು?

ಪದ್ಮಕ್ಕ: ಸಂಬಳದವನ ಐಟಿಆರ್-1 ಬ್ರೌಸರಲ್ಲೇ ತುಂಬಿ, ಆಧಾರ್ ಒಟಿಪಿ ಕೊಟ್ಟು ಮುಗಿಸು, ಟ್ಯಾಬ್ ಸಾಕು. ಆದರೆ ನಿಮ್ಮ ಭಾವನ ಕಂಪನಿ ಕೆಲಸಾನೂ ಮಾಡ್ಕೊಡ್ತೀನಿ ಅಂತ ಹೊರಟ್ರೆ ಸಿಕ್ಕಿಹಾಕ್ಕೊಂಡೆ. ಅದಕ್ಕೆ ಡಿಎಸ್‌ಸಿ ಬೇಕು, ಅಂದ್ರೆ ಡಿಜಿಟಲ್ ಸಹಿ, ಪೆನ್‌ಡ್ರೈವ್ ಥರದ ಟೋಕನ್ನಲ್ಲಿರುತ್ತೆ. ಅದರ ಡ್ರೈವರು, ಸಹಿ ಹಾಕಿಸೋ ತಂತ್ರಾಂಶ ಟ್ಯಾಬಲ್ಲಿ ಕೂರಲ್ಲ. ಟೋಕನ್ ಚುಚ್ಚಿದ್ರೆ ದೀಪ ಹತ್ತುತ್ತೆ, ಅಷ್ಟೇ, ದೀಪಾವಳಿ.

ಸೀನ: ಎಕ್ಸೆಲ್ಲಾದ್ರೂ?

ಪದ್ಮಕ್ಕ: ಮ್ಯಾಕ್ರೋ, ಅಂದ್ರೆ ಶೀಟಿನೊಳಗೆ ತಾನಾಗೇ ಓಡೋ ಸಣ್ಣ ಪ್ರೋಗ್ರಾಮು, ಓಡಲ್ಲ. ಇನ್ನೊಂದು ತಮಾಷೆ ಗೊತ್ತಾ, ಮೈಕ್ರೋಸಾಫ್ಟಿನ ಆ್ಯಪಲ್ಲಿ ಬಿಟ್ಟಿಯಾಗಿ ತಿದ್ದೋದು 10.1 ಇಂಚಿನವರೆಗೆ ಮಾತ್ರ. ಅದಕ್ಕಿಂತ ದೊಡ್ಡ ಪರದೆಗೆ ಚಂದಾ ಕಟ್ಟಬೇಕು. ಬಸು ಅಕ್ಷರಕ್ಕೋಸ್ಕರ 11 ಇಂಚು ಅಂದ, ಮೈಕ್ರೋಸಾಫ್ಟು ಅದಕ್ಕೇ ದುಡ್ಡು ಅಂತು. ಸುಮ್ನೆ ಗೂಗಲ್ ಶೀಟ್ಸಲ್ಲಿ ಮಾಡ್ಕೋ.

ಸೀನ: ಸಂಘದ ಸ್ಮರಣ ಸಂಚಿಕೆ ತಿದ್ದೋದಿದೆ. ಎಲ್ರೂ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸ್ತಾರೆ.

(ಬಸು ಲೋಟ ಕೆಳಗಿಡುತ್ತಾನೆ.)

ಬಸು: ಯುನಿಕೋಡೋ, ಹಳೇ ಆಸ್ಕಿ ಫಾಂಟೋ?

ಸೀನ: ಹಳೇದೇ.

ಬಸು: ಮುಗೀತು ನಿನ್ನ ಕಥಿ. ಆ ಫೈಲು ಟ್ಯಾಬಿನ್ಯಾಗ ತೆಗಿ. 'ಕನ್ನಡ' ಅಂತ ಇರೋ ಕಡೆ ಇಂಗ್ಲಿಷ್ ಪಿ, ಟೊಪ್ಪಿಗಿ ಹಾಕ್ಕೊಂಡ ಎ, ಪೌಂಡ್ ಗುರುತು, ಮತ್ತ ಟೊಪ್ಪಿಗಿ ಎ, ಆಮ್ಯಾಲೆ ಜರ್ಮನ್ನರ ಒಂದು ಅಕ್ಷರ, ಹಿಂಗ ಬರತದ. ಯಾಕಂದ್ರ ಆ ಫೈಲಿನ್ಯಾಗ ಕನ್ನಡನೇ ಇಲ್ಲ. ಇರೋದು ಇಂಗ್ಲಿಷ್ ಸಂಕೇತ, ಫಾಂಟು ಮ್ಯಾಲೆ ಕನ್ನಡದ ವೇಷ ಹಾಕಿರತದ. ಫಾಂಟಿಲ್ಲಂದ್ರ ವೇಷ ಕಳಚಿ ಬೀಳತದ.

ಸೀನ: ಪರಿಹಾರ?

ಬಸು: ಪರಿವರ್ತಕಕ್ಕ ಹಾಕಿ ಯುನಿಕೋಡ್ ಮಾಡ್ಕೋ. ಆಮ್ಯಾಲೆ ಅರ್ಕಾವತ್ತು, ನಡುವ ಬಂದ ಇಂಗ್ಲಿಷ್ ಪದ, ಅಂಕಿ ಕಣ್ಣಿಟ್ಟು ನೋಡು, ಕೆಡೋದು ಅಲ್ಲೇ. ಸಂಚಿಕೆಯ ಪುಟ ಕಟ್ಟೋದು ನನ್ನ ಕಂಪ್ಯೂಟರಿನ್ಯಾಗ ಇರ್ಲಿ. ಕೀಬೋರ್ಡ್ ತಗೊಳ್ಳೋ ಮೊದಲು ಅಂಗಡಿಯಾಗ ನಿಂತು ನಿನ್ನ ಟ್ಯಾಬಿಗೆ ಜೋಡಿಸಿ, ಎ, ಕೆ, ಎಫ್, ಕೆ ಒತ್ತು. ನುಡಿ ವಿನ್ಯಾಸ ಕುಂತಿದ್ರ 'ಅಕ್ಕ' ಬರತಾಳ. ಬರ್ಲಿಲ್ಲಂದ್ರ ಡಬ್ಬಿ ಅಲ್ಲೇ ಬಿಟ್ಟು ಬಾ.

ಪದ್ಮಕ್ಕ: ಮನೇಲಿ ಪ್ರಿಂಟರ್ ಇದೆಯಾ? ವೈಫೈ ಇಲ್ಲದ, ಬರೀ ಕೇಬಲಿನ ಹಳೇ ಪ್ರಿಂಟರಾದ್ರೆ ಟ್ಯಾಬಿನ ಜೊತೆ ಅದು ಮಾತಾಡೋದು ಕಷ್ಟ.

ಸೀನ: ಸರಿ. 11 ಇಂಚು, 8 ಜಿಬಿ, ಡಬ್ಬಿಯಲ್ಲೇ ಪೆನ್ನು, ವೈಫೈ ಮಾತ್ರ. ಮನೆಯ ಹಳೇ ಕಂಪ್ಯೂಟರ್ ಗುಜರಿಗೆ ಹಾಕಲ್ಲ.

ಬಸು: ಈಗ ಮನುಷ್ಯಾರಂಗ ಮಾತಾಡಿದಿ. ಬಿಲ್ ಕೊಡು.

(ಸೀನ ಎರಡೂ ಜೇಬು ತಡವುತ್ತಾನೆ.)

ಸೀನ: ಫೋನ್ ಮನೇಲೇ ಮರೆತೆ. ಛೆ, ಇಷ್ಟೊತ್ತಿಗೆ ಟ್ಯಾಬ್ ಇದ್ದಿದ್ರೆ ಅದರಲ್ಲೇ ಸ್ಕ್ಯಾನ್ ಮಾಡಿ...

ಪದ್ಮಕ್ಕ: ವೈಫೈ ಟ್ಯಾಬಲ್ಲಿ ಯುಪಿಐ ನೋಂದಣಿನೇ ಆಗಲ್ಲ ಕಣೋ. ಬ್ಯಾಂಕಿಗೆ ಕೊಟ್ಟಿರೋ ನಂಬರಿನ ಸಿಮ್ಮು ಅದರೊಳಗಿದ್ದು, ಅಲ್ಲಿಂದಲೇ ಎಸ್ಸೆಮ್ಮೆಸ್ ಹೋಗಬೇಕು.

ಬಸು: ಅಂದ್ರ ಟ್ಯಾಬ್ ತಗೊಂಡ ಮ್ಯಾಲೂ ಕಾಫಿ ರೊಕ್ಕ ನಾನೇ ಕೊಡಬೇಕು.

ಸೀನ: ಹಾಗಾದ್ರೆ ಇನ್ನೊಂದು ಬೈ ಟೂ ಹೇಳು.