ಹನ್ನೆರಡು ಮಂದಿ ಕೆಲಸಗಾರರು, ಹೊಸ ಕಾರ್ಮಿಕ ಸಂಹಿತೆ: ಎಲ್ಲಿಂದ ಆರಂಭಿಸಲಿ?

ಗೋಕರ್ಣದಿಂದ:
ಅಪ್ಪ ಕಟ್ಟಿದ ವಸತಿಗೃಹವನ್ನು ಎರಡು ವರ್ಷಗಳಿಂದ ನಾನು ನಡೆಸುತ್ತಿದ್ದೇನೆ. ಹನ್ನೆರಡು ಮಂದಿ ಕೆಲಸಕ್ಕಿದ್ದಾರೆ, ಐವರು ಹೆಂಗಸರು. ಅಪ್ಪನ ಕಾಲದಿಂದಲೂ ಎಲ್ಲವೂ ಬಾಯಿಮಾತಿನಲ್ಲೇ. ಯಾರ ಬಳಿಯೂ ನೇಮಕಾತಿ ಪತ್ರವಿಲ್ಲ. 11 ವರ್ಷ ಅಡುಗೆ ಮಾಡಿದವರು ಕಳೆದ ವಾರ ಕೆಲಸ ಬಿಟ್ಟರು. ಸಂಬಳ 18,000 ರೂಪಾಯಿ ಇತ್ತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಕಾನೂನುಗಳು, ಅಂದರೆ ಸಂಹಿತೆಗಳು, ಜಾರಿಗೆ ಬಂದಿವೆಯಲ್ಲ, ಅವರಿಗೆ ಏನು ಕೊಡಬೇಕು, ಉಳಿದವರಿಗೆ ಏನು ಮಾಡಬೇಕು? ಅನುಭವವಿದ್ದವರು ತಿಳಿಸಿ.

ಕಾರವಾರದಿಂದ, ಲೆಕ್ಕಪತ್ರ ನೋಡುವವನು:
ತಂಗಿ, ಮೊದಲು ಅಡುಗೆಯವರ ಲೆಕ್ಕ ಮುಗಿಸು. ಬಾಕಿ ಸಂಬಳವನ್ನು ಅವರು ಕೆಲಸ ಬಿಟ್ಟ ಮೇಲೆ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಆ ಗಡುವು ಈಗಾಗಲೇ ಕಳೆದಿದೆ, ಇಂದೇ ಕೊಡು. ಗ್ರಾಚ್ಯುಟಿಗೆ, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕೊಡುವ ಮೊತ್ತಕ್ಕೆ, 30 ದಿನ ಇದೆ. ಇದು ಹೊಸ ಹೊರೆಯಲ್ಲ. ಹತ್ತು ಮಂದಿ ಇದ್ದ ಕಡೆ 1972ರ ಕಾಯ್ದೆಯಿಂದಲೇ ಗ್ರಾಚ್ಯುಟಿ ಇತ್ತು. ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸು: 18,000 ರೂಪಾಯಿಗೆ 11 ವರ್ಷಕ್ಕೆ 1,14,231 ರೂಪಾಯಿ. ದೊಡ್ಡ ಮೊತ್ತ, ಆದರೆ ಅದು ಅವರ ಹನ್ನೊಂದು ವರ್ಷದ ದುಡಿಮೆ.

ಹೊಸದಾಗಿ ಬಂದದ್ದು ವೇತನದ ವ್ಯಾಖ್ಯೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದ ಭಾಗವೂ ವೇತನವೇ. ವ್ಯವಸ್ಥಾಪಕರಿಗೆ 40,000 ಕೊಟ್ಟು, ಮೂಲ ವೇತನ 15,000, ಉಳಿದದ್ದು ಭತ್ಯೆ ಎಂದು ಬರೆದಿದ್ದರೆ, ಈಗ ಗ್ರಾಚ್ಯುಟಿಗೆ ವೇತನ 20,000. ವರ್ಷಕ್ಕೆ 8,654 ಇದ್ದದ್ದು 11,538 ಆಗುತ್ತದೆ. ನಿಗದಿತ ಅವಧಿಗೆ ನೇಮಿಸಿದವರಿಗೆ ಒಂದು ವರ್ಷ ತುಂಬಿದರೂ ಗ್ರಾಚ್ಯುಟಿ ಬರುತ್ತದೆ. ಐದು ವರ್ಷ ಕಾಯಬೇಕಿಲ್ಲ. ಹನ್ನೆರಡು ಮಂದಿ ಎಂದ ಮೇಲೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿಯೂ ಇರಬೇಕು: 21,000ದವರೆಗಿನ ವೇತನಕ್ಕೆ ನಿನ್ನ ಪಾಲು ಶೇ. 3.25, ಅವರ ಪಾಲು ಶೇ. 0.75.

ಶಿರಸಿಯಿಂದ, ಮುದ್ರಣಾಲಯದವನು:
ನೇಮಕಾತಿ ಪತ್ರಗಳನ್ನು ಕಳೆದ ತಿಂಗಳು ನಾನು ಕನ್ನಡದಲ್ಲೇ ಬರೆದು, ಪ್ರತಿಯೊಬ್ಬರಿಗೂ ಓದಿ ಹೇಳಿ ಸಹಿ ಪಡೆದೆ. ಅಕ್ಷರ ಜೋಡಿಸುವವರೊಬ್ಬರ ಸೇರ್ಪಡೆ ವರ್ಷ ನನ್ನ ಕಡತದಲ್ಲಿ 2016 ಎಂದಿತ್ತು. "ಅಣ್ಣಾ, ನನ್ನ ಮಗಳು ಹುಟ್ಟಿದ ವರ್ಷ ಬಂದವನು ನಾನು, 2013" ಎಂದರು. ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿದರೆ ಅವರ ಮಾತೇ ನಿಜ. ಆ ಮೂರು ವರ್ಷಗಳ ಗ್ರಾಚ್ಯುಟಿ ನನ್ನ ಬರವಣಿಗೆಯ ತಪ್ಪಿನಿಂದ ಅವರಿಗೆ ಕೈತಪ್ಪುತ್ತಿತ್ತು. ನೀವು ದಿನಾಂಕಗಳನ್ನು ಅವರೊಡನೆ ಕೂತೇ ಬರೆಯಿರಿ, ಒಬ್ಬರೇ ಬರೆಯಬೇಡಿ.

ಕುಮಟಾದಿಂದ, ಗೇರುಬೀಜ ಘಟಕ ನಡೆಸುವವಳು:
ಶಿವರಾತ್ರಿಯ ಜನಜಂಗುಳಿಯಲ್ಲಿ ನಿಮ್ಮ ಹೆಂಗಸರು ರಾತ್ರಿ ಉಳಿಯುತ್ತಾರೆಯೇ? ಸಂಜೆ ಏಳರ ನಂತರ, ಬೆಳಿಗ್ಗೆ ಆರರ ಮೊದಲು ಕೆಲಸಕ್ಕೆ ಅವರ ಒಪ್ಪಿಗೆ ಬೇಕು. ಸುರಕ್ಷಿತವಾಗಿ ಮನೆ ಮುಟ್ಟಿಸುವ ವ್ಯವಸ್ಥೆಯನ್ನೂ ಮಾಡಿ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ವೇತನ.

ಇನ್ನೊಂದು, ನಮ್ಮ ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ತಿಂಗಳಿಗೆ ಒಂದು ದಿನ ವೇತನ ಸಹಿತ ಮುಟ್ಟಿನ ರಜೆಯ ಆದೇಶ ಹೊರಡಿಸಿತು, ವರ್ಷಕ್ಕೆ 12 ದಿನ. ನಮ್ಮಲ್ಲಿ ಮೊದಲ ತಿಂಗಳು ಯಾರೂ ಕೇಳಲಿಲ್ಲ. ಬೀಜ ಸುಲಿಯುವವರಲ್ಲಿ ಹಿರಿಯರೊಬ್ಬರನ್ನು ಕರೆದು ವಿಚಾರಿಸಿದೆ. ಗಂಡಸಾದ ಮೇಸ್ತ್ರಿಗೆ ಹೇಳಬೇಕಲ್ಲ ಎಂಬುದೇ ಅಡ್ಡಿ. ಈಗ ರಜೆ ಪುಸ್ತಕ ಆ ಹಿರಿಯಕ್ಕನ ಬಳಿ ಇದೆ. ಕಾರಣದ ಕಾಲಂ ಇಲ್ಲ. ಎರಡನೆಯ ತಿಂಗಳಿನಿಂದ ರಜೆ ತೆಗೆದುಕೊಳ್ಳುತ್ತಿದ್ದಾರೆ.

ಗೋಕರ್ಣದಿಂದ:
ಎಲ್ಲರಿಗೂ ಕೃತಜ್ಞತೆ. ಸಂಬಳದ ಬಾಕಿ ಈಗಷ್ಟೇ ಕಳುಹಿಸಿದೆ. ಅಡುಗೆಯವರು ನಿಜವಾಗಿ ಎಂದು ಸೇರಿದರು ಎಂದು ಅಪ್ಪನ ಹಳೆಯ ಲೆಕ್ಕದ ಪುಸ್ತಕದಲ್ಲಿ ಹುಡುಕುತ್ತಿದ್ದೇನೆ. ನಾಳೆ ಅದನ್ನು ತೆಗೆದುಕೊಂಡು ಅವರ ಮನೆಗೇ ಹೋಗಿ ಕೇಳುತ್ತೇನೆ.